ಬಂಗಾಳ ಕೊಲ್ಲಿಯ ಸೋದರತ್ತೆ

ನಮ್ಮ ಅತ್ತೆ ಹೆಸರಿಟ್ಟವರ ಪೈಕಿ ಈಗ ಬದುಕಿರುವುದು ನಾವು ನಾಲ್ವರು ಮಾತ್ರ. ಉಳಿದ ಹತ್ತೊಂಬತ್ತು ಮಂದಿ ಸತ್ತರು. ಹೆಚ್ಚಿನವರು ಹುಟ್ಟಿ ವಾರ ತುಂಬುವುದರೊಳಗೇ ಹೋದರು. ಹೋಗುವ ಮುಂಚೆ ಸುಮ್ಮನೆ ಹೋದರೇ? ಒಬ್ಬ ತೆಂಗಿನ ತೋಟವನ್ನು ಗರಿಕೆಯ ಹಾಗೆ ಕಿತ್ತ. ಇನ್ನೊಬ್ಬ ದೋಣಿಗಳನ್ನು ಎತ್ತಿ ಊರೊಳಗಿನ ರಸ್ತೆಯ ಮೇಲೆ ಇಟ್ಟ. ಒಬ್ಬಳಂತೂ ರೈಲು ಹಳಿಯ ಕೆಳಗಿನ ಮಣ್ಣನ್ನೆಲ್ಲ ತೊಳೆದುಕೊಂಡು ಹೋದಳು! ಇಂಥವರಿಗೆಲ್ಲ ಹೆಸರಿಟ್ಟ ಹೆಂಗಸು ಎಂಥವಳಿರಬಹುದು ಎಂದು ಗಾಬರಿಯಾದಿರಾ? ಗಾಬರಿ ಬೇಡ. ಆ ಹತ್ತೊಂಬತ್ತೂ ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ಚಂಡಮಾರುತಗಳು. ಅತ್ತೆ ಭಾಲ್ಕಿಯ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಸಮುದ್ರವನ್ನು ಒಮ್ಮೆಯೂ ನೋಡಿಲ್ಲ.

ಅತ್ತೆ ಎಂದರೆ ಅಪ್ಪನ ಅಕ್ಕ. ನಮ್ಮ ಕಡೆ ಕೂಸಿಗೆ ಹೆಸರಿಡುವ ಹಕ್ಕು ಸೋದರತ್ತೆಯದು. ತಂದೆತಾಯಿ ಬೇಕಾದರೆ ಒಂಬತ್ತು ತಿಂಗಳೂ ಕೂತು ಹೆಸರು ಯೋಚಿಸಲಿ, ತೊಟ್ಟಿಲಿಗೆ ಬಾಗಿ ಅದನ್ನು ಕೂಸಿನ ಕಿವಿಗೆ ಮುಟ್ಟಿಸುವವಳು ಅವಳೇ. ನನಗೂ ದೊಡ್ಡಪ್ಪನ ಇಬ್ಬರು ಮಕ್ಕಳಿಗೂ ಹಾಗೆ ಮುಟ್ಟಿಸಿದವಳು ಈ ಅತ್ತೆ. ನಾಲ್ಕನೆಯ ಕೂಸಿನ ಮಾತು ಕೊನೆಗೆ. ಮನುಷ್ಯರ ಮಕ್ಕಳಿಂದ ತುಫಾನಿನ ಮಕ್ಕಳಿಗೆ ಅವಳು ಹೋದದ್ದು ಹದಿನೇಳು ವರ್ಷಗಳ ಹಿಂದೆ, ಬೀದರಿನ ನಮ್ಮ ಮನೆಯಲ್ಲಿ, ಟಿವಿಯ ಮುಂದೆ. ದೀಪಾವಳಿ ಎದುರಿಗಿತ್ತು. ಕೊಲ್ಲಿಯಲ್ಲೊಂದು ಚಂಡಮಾರುತ ಎದ್ದಿದೆ, ಅದರ ಹೆಸರು ಇಂಥದ್ದು ಎಂದು ಟಿವಿಯವರು ಹೇಳಿದರು.

"ಹೆಸರು ಯಾರಿಟ್ರು?" ಅತ್ತೆ ಕೇಳಿದಳು.

"ಸಮುದ್ರದ ಸುತ್ತಲಿನ ದೇಶದವರು ಮೊದಲೇ ಪಟ್ಟಿ ಮಾಡಿಟ್ಟಿರ್ತಾರಕ್ಕ. ತುಫಾನ್ ಹುಟ್ಟಿದಂಗ ಸರದಿ ಮ್ಯಾಲ ಒಂದೊಂದು ಕೊಡ್ತಾರ," ಎಂದ ಅಪ್ಪ.

"ಮೊದಲೇ? ಕೂಸಿನ ಮಾರಿ ನೋಡೂ ಮೊದಲೇ? ಸರದಿ ಮ್ಯಾಲ ಕೊಡ್ಲಕ ಅದೇನು ರೇಷನ್ ಸಕ್ಕರಿ ಏನು? ಅದಕ್ಕೊಬ್ಬಾಕಿ ಸೋದರತ್ತಿ ಇಲ್ಲೇನು?"

"ಸಮುದ್ರಕ್ಕ ಎಲ್ಲಿ ಅಕ್ಕ-ತಂಗಿ, ಅಕ್ಕಾ?"

"ಇಲ್ಲಂದ್ರ ನಾ ಅದೀನಿ."

ಅಲ್ಲಿಗೆ ಮುಗಿಯಿತು. ಸಮುದ್ರರಾಜನಿಗೆ ಭಾಲ್ಕಿಯಲ್ಲಿ ಒಬ್ಬ ಅಕ್ಕ ಸಿಕ್ಕಳು. ಆ ಚಂಡಮಾರುತ ನಡುಗಡಲಿನಲ್ಲಿ ಮೂರು ದಿನ ಕದಲದೆ ಕೂತಿತ್ತು. ಅತ್ತೆ ಅದರ ಗುಣ ನೋಡಿ 'ನಿದ್ದೆಪ್ಪ' ಎಂದು ಹೆಸರಿಟ್ಟಳು. ಅದರ ನಂತರದ್ದು ಹುಟ್ಟಿದ ಮರುದಿನವೇ ದಡ ಹತ್ತಿತು, ಅದು 'ಗಡಿಬಿಡೆಪ್ಪ'. ಆಂಧ್ರಕ್ಕೆ ಬರುತ್ತೇನೆಂದು ಹೇಳಿ ಅರ್ಧ ದಾರಿಯಲ್ಲಿ ಒಡಿಶಾದ ಕಡೆ ತಿರುಗಿಕೊಂಡವಳು 'ಹೊರಳವ್ವ'. ಪಟ್ಟಿಯ ಹೆಸರುಗಳಲ್ಲಿ ಒಂದಾದರೂ ಇಷ್ಟು ಒಪ್ಪುತ್ತದೆಯೇ, ನೀವೇ ಹೇಳಿ!

ಚಂಡಮಾರುತದ ಬಗ್ಗೆ ಅತ್ತೆ ಕಲಿತದ್ದು ಅರ್ಧ ಟಿವಿಯಿಂದ, ಅರ್ಧ ನನ್ನಿಂದ. ನಾನು ಭೂಗೋಳ ಓದಿದವಳು. ಕಡಲಿನ ನೀರು ಬೆಚ್ಚಗಾದರೆ ಅದರ ಮೇಲಿನ ಗಾಳಿ ತೇವ ಹೊತ್ತು ಮೇಲೇರುತ್ತದೆ, ಕೆಳಗೆ ಒತ್ತಡ ಕಡಿಮೆಯಾಗುತ್ತದೆ, ಸುತ್ತಲಿನ ಗಾಳಿ ಆ ಜಾಗಕ್ಕೆ ನುಗ್ಗಿ ಸುತ್ತತೊಡಗುತ್ತದೆ ಎಂದು ನಾನು ಹೇಳಿಕೊಡುತ್ತೇನೆ. ಅದೇ ಮಾತು ಅತ್ತೆಯ ಬಾಯಿಂದ ಗಿರಣಿಯ ಗಿರಾಕಿಗಳಿಗೆ ತಲುಪುವ ಹೊತ್ತಿಗೆ ಬಾಣಂತಿ ಕೋಣೆಯ ಸುದ್ದಿಯಾಗಿರುತ್ತದೆ. ವಾಯುಭಾರ ಕುಸಿತ ಎಂದರೆ ಅವಳ ಲೆಕ್ಕದಲ್ಲಿ ಬಸುರು. "ಎಲ್ಲಾ ಬಸುರೂ ನಿಂದರಂಗಿಲ್ಲ. ಹುಟ್ಟೂ ಮೊದಲು ಹೆಸರಿಡಬಾರದು," ಎನ್ನುತ್ತಾಳೆ. ಇದೊಂದು ವಿಷಯದಲ್ಲಿ ಹವಾಮಾನದವರೂ ಅವಳೂ ಒಂದೇ ಪಕ್ಷ. ಅವರೂ ಕುಸಿತವು ಚಂಡಮಾರುತವಾಗಿ ಬೆಳೆಯುವವರೆಗೆ ಹೆಸರು ಕೊಡುವುದಿಲ್ಲ. ನಡುವೆ ಕಣ್ಣು ಮೂಡಿತೆಂದರೆ, "ಕೂಸು ಕಣ್ಣು ಬಿಡ್ತು." ಬಿಸಿನೀರಿನ ಮೇಲೆ ಸಾಗುತ್ತ ಬಲಿಯುತ್ತಿದ್ದರೆ, "ಹಾಲು ಕುಡಿಲಕತ್ತದ." ದಡ ಹತ್ತಿ ನೆಲಕ್ಕೆ ಬಂದಮೇಲೆ ನೀರಿನ ಆಸರೆ ತಪ್ಪಿ ಸೊರಗಿದರೆ, "ಹಾಲು ಬಿಡಿಸ್ಯಾರ ನೋಡು, ಅದಕ್ಕ ಅಳ್ಲಕತ್ತದ." ಆ ಅಳುವೇ ಮಳೆ. ಆಂಧ್ರದ ದಡ ದಾಟಿ, ತೆಲಂಗಾಣದ ಮೇಲೆ ತೆವಳಿಕೊಂಡು, ಗಾಳಿಯೆಲ್ಲ ಬಿಟ್ಟುಹೋಗಿ, ಬರೀ ಮೋಡವಾಗಿ ಕೆಲವು ನಮ್ಮ ಜಿಲ್ಲೆಯವರೆಗೆ ಬರುತ್ತವೆ. ಎರಡು ದಿನ ಸುರಿದು ಇಲ್ಲೇ ಮುಗಿಯುತ್ತವೆ.

"ಹಡೆಯೋದು ಸಮುದ್ರ, ಮಣ್ಣು ಕೊಡೋದು ನಾವು," ಎಂದು ಅತ್ತೆ ನಿಟ್ಟುಸಿರು ಬಿಡುತ್ತಾಳೆ. ಆ ನಿಟ್ಟುಸಿರಿನಲ್ಲಿ ಸ್ವಲ್ಪ ಹೆಮ್ಮೆಯೂ ಇರುತ್ತದೆ.

ಹಾಗಾದರೆ ಅತ್ತೆ ಹೇಳಿದ ಭವಿಷ್ಯವೆಲ್ಲ ನಿಜವಾಗುತ್ತದೆಯೇ ಎಂದು ಕೇಳುವಿರಿ. ದಿನಚರಿ ಬರೆಯುವ ಅಭ್ಯಾಸ ನನಗಿರುವುದರಿಂದ ಲೆಕ್ಕ ಹೇಳಬಲ್ಲೆ. ಬೀದರಿಗೆ ಬರುತ್ತದೆ ಎಂದು ಅವಳು ಹೇಳಿದವುಗಳಲ್ಲಿ ಮೂರರಲ್ಲಿ ಒಂದು ಬಂದಿದೆ. ಬರುವುದಿಲ್ಲ ಎಂದವು ಮಾತ್ರ ತಪ್ಪದೆ ಬಂದಿವೆ!

ಅಂಥದ್ದರಲ್ಲಿ ಒಂದು 'ಸಣ್ಣಕ್ಕ'. ಹೆಸರಿಗೆ ತಕ್ಕಂತೆ ಸಣ್ಣ ತುಫಾನು. ಸೋಯಾಬೀನ್ ಕೊಯ್ಲಿನ ಕಾಲ. ಅತ್ತೆಗೆ ಔರಾದ ತಾಲ್ಲೂಕಿನ ಠಾಣಾ ಕುಶನೂರಿನಲ್ಲಿ ಸ್ವಲ್ಪ ಹೊಲವಿದೆ. ಅಲ್ಲಿಂದ ಗಿರಣಿಗೆ ಬಂದಿದ್ದ ಹಿರಿಯರೊಬ್ಬರು ಕೇಳಿದರು, "ಅಕ್ಕಾ, ಸೋಯಾ ಕೊಯ್ಯಲೇನು?"

"ಕೊಯ್ಯಿ ಕಾಕಾ, ಫಿಕರ್ ಮಾಡಬ್ಯಾಡ. ಸಣ್ಣಕ್ಕ ಅಂಜುಬುರುಕಿ. ಹೈದರಾಬಾದ್ ದಾಟಂಗಿಲ್ಲ."

ಕಾಕಾ ಕೊಯ್ದರು. ಅತ್ತೆಯೂ ಕೊಯ್ಯಿಸಿದಳು. ಸಣ್ಣಕ್ಕ ಹೈದರಾಬಾದನ್ನು ದಾಟಿ, ಬೀದರನ್ನು ದಾಟಿ, ನೇರವಾಗಿ ಠಾಣಾ ಕುಶನೂರಿಗೆ ಬಂದು ಕೂತಳು. ಕಾಕಾ ಮುಂದಿನ ಸಲ ಬಂದಾಗ ಜೋಳದ ಚೀಲದ ಜೊತೆ ಮುಷ್ಟಿಯಲ್ಲಿ ನಾಲ್ಕು ಕಾಳು ತಂದಿದ್ದರು. ಎಲ್ಲಕ್ಕೂ ಮೊಳಕೆ!

"ನೋಡವಾ, ನಿನ್ನ ಅಂಜುಬುರುಕಿ ನಮ್ಮ ಬಣವ್ಯಾಗ ಸಂಸಾರ ಹೂಡ್ಯಾಳ."

ಗಿರಣಿಯಲ್ಲಿದ್ದವರೆಲ್ಲ ನಕ್ಕರು. ಅತ್ತೆಯ ಬಣವೆಯೂ ತಾಡಪತ್ರಿಯ ಕೆಳಗೆ ಹಾಗೇ ಮೊಳೆತಿತ್ತು, ಆದರೆ ಅವಳು ಸೋಲುವವಳೇ? ಹಿಟ್ಟು ಮೆತ್ತಿದ ಕೈಯನ್ನು ಸೊಂಟದ ಮೇಲಿಟ್ಟು ಅಂದಳು, "ಹೆಸರಿಡೋದು ನನ್ನ ಕೈಯಾಗದ ಕಾಕಾ. ನಿಮ್ಮ ಮಕ್ಕಳು ನೀವು ಹೇಳಿದ್ದು ಕೇಳ್ತಾವೇನು?"

ಕಾಕಾನಿಗೆ ಐದು ಮಂದಿ ಗಂಡುಮಕ್ಕಳು. ಹಿಟ್ಟು ಹೊತ್ತುಕೊಂಡು ಹೋದರು.

ಇಲ್ಲಿ ಒಂದು ಸಂಗತಿ ಹೇಳಬೇಕು. ಇದು ನಗುವ ಸಂಗತಿಯಲ್ಲ, ಆದರೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹದಿನೇಳು ವರ್ಷಗಳ ಹಿಂದೆ ನಮ್ಮ ಮಾಮ, ಅಂದರೆ ಅತ್ತೆಯ ಗಂಡ, ತೀರಿಕೊಂಡ. ಅದೇ ವರ್ಷ ನನ್ನ ತಮ್ಮ ಹುಟ್ಟಿದ. ಅವನನ್ನು ತೊಟ್ಟಿಲಿಗೆ ಹಾಕುವ ದಿನ ಬಳಗದ ಮೂವರು ಅಜ್ಜಿಯಂದಿರು ಶರಣರ ಫೋಟೋದ ಕೆಳಗೇ ಕೂತು ಮಾತಾಡಿಕೊಂಡರು. ಗಂಡ ಸತ್ತವಳು ಕೂಸಿನ ಕಿವಿಗೆ ಬಾಯಿ ಇಡುವುದು ಬೇಡ ಎಂದು ತೀರ್ಮಾನವಾಯಿತು. ಅಪ್ಪನ ದೂರದ ತಂಗಿಯೊಬ್ಬಳನ್ನು ಕರೆಸಿದರು. ಬಾಣಂತಿಯಾಗಿದ್ದ ಅವ್ವ ಏನೂ ಹೇಳಲಿಲ್ಲ. ಅತ್ತೆ ಅಡುಗೆಮನೆಯಲ್ಲಿ ಗೋಧಿ ಹುಗ್ಗಿ ಕುದಿಸುತ್ತಿದ್ದಳು. ಆ ದಿನದ ಹುಗ್ಗಿ ಬಹಳ ಚೆನ್ನಾಗಿತ್ತು ಎಂದು ನಮ್ಮ ಬಳಗದವರು ಈಗಲೂ ನೆನೆಯುತ್ತಾರೆ. ಅದಾದ ಮೂರು ತಿಂಗಳಿಗೆ ದೀಪಾವಳಿ ಬಂತು, ಟಿವಿಯಲ್ಲಿ ನಿದ್ದೆಪ್ಪ ಹುಟ್ಟಿದ.

ಆಮೇಲೆ ಬಳಗದಲ್ಲಿ ಎಷ್ಟೋ ತೊಟ್ಟಿಲುಗಳು ತೂಗಿದವು. ಅತ್ತೆಯನ್ನು ಹೆಸರಿಡಲು ಯಾರೂ ಕರೆಯಲಿಲ್ಲ, ಹುಗ್ಗಿಗೆ ಎಲ್ಲರೂ ಕರೆದರು. ಅವ್ವನಿಗೂ ಅತ್ತೆಗೂ ಜಗಳವೇನೂ ಇಲ್ಲ. "ಬರ್ರಿ ಅಕ್ಕಾರ," "ಕುಂದರ್ರಿ ಅಕ್ಕಾರ," "ಛಾ ಕುಡೀರಿ ಅಕ್ಕಾರ." ಎಲ್ಲವೂ ರೀತಿಗೆ ತಕ್ಕಂತೆ, ಎಲ್ಲಕ್ಕೂ 'ರಿ' ಹಚ್ಚಿ. ಬಾಡಿಗೆ ಮನೆಯ ಯಜಮಾನ್ತಿಯ ಜೊತೆ ಮಾತಾಡಿದ ಹಾಗೆ.

ಇನ್ನು ಸಮುದ್ರದವರೊಂದಿಗೆ ನೆಂಟಸ್ತನ ಬೆಳೆದ ಕಥೆ. ಬೀದರಿನ ಝರಣಿ ನರಸಿಂಹನ ಗುಹೆ ನೋಡಿದವರಿಗೆ ಗೊತ್ತು. ದೇವರ ತನಕ ಹೋಗಬೇಕಾದರೆ ಗವಿಯೊಳಗೆ ಎದೆಯುದ್ದದ ನೀರಿನಲ್ಲಿ ನಡೆಯಬೇಕು. ಮೇಲೆ ಬಾವಲಿಗಳು. ಮಕ್ಕಳಾಗದವರು ಆಂಧ್ರ, ತೆಲಂಗಾಣದಿಂದೆಲ್ಲ ಹರಕೆ ಹೊತ್ತು ಬರುತ್ತಾರೆ. ಆರು ವರ್ಷಗಳ ಹಿಂದೆ ಅತ್ತೆ ಗಿರಣಿಯ ಚಕ್ರಕ್ಕೆ ಹಾಕುವ ಪಟ್ಟಾ ಕೊಳ್ಳಲು ಬೀದರಿಗೆ ಬಂದವಳು ನನ್ನನ್ನೂ ಕರೆದುಕೊಂಡು ದರ್ಶನಕ್ಕೆ ಹೋದಳು. ನಮ್ಮ ಮುಂದೆ ಒಂದು ಎಳೆಯ ಜೋಡಿ. ಹೆಂಡತಿ ಮೆಟ್ಟಿಲ ಮೇಲೆ ನಿಂತು ಅಳುತ್ತಿದ್ದಾಳೆ, ನೀರಿಗಿಳಿಯಲು ಒಲ್ಲಳು. ಅತ್ತೆಗೆ ಗಡಿನಾಡಿನ ತೆಲುಗು ಬರುತ್ತದೆ. ಯಾವ ಊರೆಂದು ಕೇಳಿದಳು. ಮಚಲೀಪಟ್ಟಣದ ಆಚೆ, ಸಮುದ್ರದ ದಂಡೆಯಂತೆ. ಗಂಡ ಮೀನು ಹಿಡಿಯುವವನಂತೆ.

ಅತ್ತೆಗೆ ನಗು ತಡೆಯಲಾಗಲಿಲ್ಲ. "ಸಮುದ್ರದ ದಂಡಿಯಾಕಿ, ಇಷ್ಟು ನೀರಿಗಿ ಅಂಜತೀಯೇನು!"

ಆಕೆ ಮೂಗೊರೆಸಿಕೊಂಡು ತೆಲುಗಿನಲ್ಲಿ ಅಂದಳು, "ಸಮುದ್ರದ ಮೇಲೆ ಆಕಾಶ ಇರುತ್ತದೆ ವದಿನಾ. ಇಲ್ಲಿ ಬಾವಲಿ ಇವೆ."

ಈ ಉತ್ತರಕ್ಕೆ ಅತ್ತೆ ಮರುಳಾದಳು. ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಎದೆಯುದ್ದದ ನೀರಿನಲ್ಲಿ ಉಳಿದವರೆಲ್ಲ 'ಗೋವಿಂದ, ಗೋವಿಂದ' ಎನ್ನುತ್ತಿದ್ದರೆ ಇವರಿಬ್ಬರ ಮಾತು ಪೂರ್ತಿ ಚಂಡಮಾರುತದ್ದು. ಹೊರಬಂದ ಕೂಡಲೇ ಫೋನ್ ನಂಬರ್ ಕೊಟ್ಟು ತೆಗೆದುಕೊಂಡರು.

ತೆಲುಗಿನ ಹೆಂಗಸರು ಪರಿಚಯದವರನ್ನು ಪ್ರೀತಿಯಿಂದ 'ವದಿನಾ' ಎನ್ನುತ್ತಾರೆ, ನಮ್ಮ 'ವೈನಿ'ಯ ಹಾಗೆ. ಅಣ್ಣನ ಹೆಂಡತಿಗೂ ಗಂಡನ ಅಕ್ಕನಿಗೂ ಅವರಲ್ಲಿ ಅದೇ ಮಾತು. ಕರೆದವರೂ ಮರೆಯುತ್ತಾರೆ, ಕರೆಸಿಕೊಂಡವರೂ ಮರೆಯುತ್ತಾರೆ. ಅತ್ತೆ ಮರೆಯಲಿಲ್ಲ. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದಳು. "ನಾ ಅಕಿಗಿ ವದಿನಿ ಅಂದಮ್ಯಾಲ ಅಕಿ ಗಂಡಗ ಅಕ್ಕ ಆದೆ. ಹೌದಿಲ್ಲೋ?" ನಾನು ಹೌದೆಂದೆ. ಪಾಪ, ಆ ಮೀನುಗಾರನಿಗೆ ಅಂದಿನಿಂದ ಭಾಲ್ಕಿಯಿಂದ ಬೈಗುಳ ಶುರು. ಸಮುದ್ರಕ್ಕೆ ಹೋಗಬೇಡವೆಂದು ಧ್ವನಿವರ್ಧಕದಲ್ಲಿ ಕೂಗಿದರೂ ಹೋಗಿದ್ದನೆಂದು ಒಮ್ಮೆ ಗೊತ್ತಾಗಿ, ಗಿರಣಿಯ ಸದ್ದನ್ನೂ ಮೀರಿಸಿ ಬೈದಳು. ಅವನಿಗೆ ಕನ್ನಡ ಬಾರದು, ಇವಳ ಸಿಟ್ಟಿಗೆ ತೆಲುಗು ಬಾರದು. ಆದರೂ ಅವನು ಪ್ರತಿ ಉಸಿರಿಗೂ "ಸರೇ ಅಕ್ಕಾ, ಸರೇ ಅಕ್ಕಾ" ಎನ್ನುತ್ತಿದ್ದ. ಅಷ್ಟು ವಿಧೇಯ ತಮ್ಮ ನಮ್ಮ ಅಪ್ಪನೂ ಅಲ್ಲ!

ಆಕೆಯನ್ನು ನಾವೆಲ್ಲ 'ವದಿನೆ' ಎಂದೇ ಕರೆಯತೊಡಗಿದೆವು. ವದಿನೆಯ ಫೋನುಗಳಿಂದ ನಮಗೆ ತಿಳಿದದ್ದು ಬಹಳ. ಜನರನ್ನು ಕೊಲ್ಲುವುದು ಗಾಳಿಗಿಂತ ಹೆಚ್ಚಾಗಿ ನೀರು, ಗಾಳಿ ಸಮುದ್ರವನ್ನೇ ಎತ್ತಿ ಊರಿನ ಮೇಲೆ ತಳ್ಳುತ್ತದೆ ಎಂದಳು. ನಮ್ಮ ಪೂರ್ವದ ದಂಡೆಯಲ್ಲಿ ಕಣ್ಣು ದಾಟುವ ಜಾಗದಿಂದ ಬಲಕ್ಕೆ, ಅಂದರೆ ಉತ್ತರಕ್ಕಿರುವ ಊರುಗಳಿಗೆ ಪೆಟ್ಟು ಜಾಸ್ತಿ. ಕಣ್ಣೇ ತಲೆಯ ಮೇಲೆ ಬಂದರೆ ಗಾಳಿ ತಟ್ಟನೆ ನಿಲ್ಲುತ್ತದೆ, ಬಿಸಿಲೂ ಬಿದ್ದೀತು. ತುಫಾನು ಮುಗಿಯಿತೆಂದು ಅವಳ ಮಾವ ಮೇಕೆ ಹುಡುಕಲು ಹೊರಗೆ ಹೋಗಿದ್ದರಂತೆ. ಅಷ್ಟರಲ್ಲಿ ಎದುರು ದಿಕ್ಕಿನಿಂದ ಗಾಳಿ ಎದ್ದಿತು. ಮೇಕೆ ತಾನಾಗಿ ಬಂತು, ತಾಳೆಮರವನ್ನು ತಬ್ಬಿಕೊಂಡಿದ್ದ ಮಾವನನ್ನು ಜನ ಬಿಡಿಸಿ ತಂದರು. ನೀರು ಇಳಿದ ಮೇಲೂ ಉಪ್ಪು ಇಳಿಯುವುದಿಲ್ಲ. ಬಾವಿಯಲ್ಲಿ ಉಪ್ಪು, ಭತ್ತದ ಗದ್ದೆಯಲ್ಲಿ ಉಪ್ಪು.

ಇದನ್ನೆಲ್ಲ ಕೇಳಿ ಅತ್ತೆ ಒಂದೇ ಪ್ರಶ್ನೆ ಕೇಳಿದ್ದಳು, "ಅಲ್ಲವಾ, ಅಷ್ಟು ನೀರು ಇಟಗೊಂಡು ಒಂದು ಒಡ್ಡು ಹಾಕಿಸಿಲ್ಲೇನು?"

ಒಂದು ವರ್ಷ ತುಫಾನಿನ ಸುದ್ದಿ ಬಂದ ಕೂಡಲೇ ಅತ್ತೆ ಎರಡು ದಿನ ಕೂತು ಜೋಳದ ಖಡಕ್ ರೊಟ್ಟಿ ಬಡಿದಳು. ತಿಂಗಳಾದರೂ ಕೆಡದ ರೊಟ್ಟಿ, ಬೆಂಕಿ-ನೀರು ಬೇಡ, ಆಪತ್ತಿಗೆ ಇದಕ್ಕಿಂತ ಒಳ್ಳೆಯದೇನಿದೆ? ಬೇಳೆ ಒಯ್ಯುವ ಲಾರಿಯ ಡ್ರೈವರ್ ಒಬ್ಬ ಪರಿಚಯದವನಿದ್ದ, ಅವನ ಕೈಯಲ್ಲಿ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಸಮೇತ ಒಂದು ಚೀಲ ಕಳಿಸಿದಳು. ವಾರದ ಮೇಲೆ ವದಿನೆಯ ಫೋನು. "ವದಿನಾ, ನಿಮ್ಮ ಹಪ್ಪಳ ಬಹಳ ದೊಡ್ಡವು. ಬಾಣಲೆಯಲ್ಲಿ ಹಿಡಿಸಲಿಲ್ಲ, ಮುರಿದು ಕರಿದೆವು. ಎಣ್ಣೆ ಸಿಕ್ಕಾಪಟ್ಟೆ ಕುಡಿಯುತ್ತವೆ!"

ಅತ್ತೆ ಗಿರಣಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕಥೆ ಅಲ್ಲಿಗೇ ಮುಗಿಯಲಿಲ್ಲ. ಚೀಲ ಬರಿದಾಗಿ ವಾಪಸು ಕಳಿಸುವುದು ಅವರ ಕಡೆಯೂ ರೀತಿಯಲ್ಲವಂತೆ. ಅದೇ ಲಾರಿಯಲ್ಲಿ ಅದೇ ಚೀಲದ ತುಂಬ ಒಣಮೀನು ಬಂತು! ಮಾಂಸ ಮುಟ್ಟದ ಮನೆ, ಜೋಳ ಬೀಸುವ ಗಿರಣಿ. ಸ್ಟೇಷನ್ ರಸ್ತೆಯ ಬೆಕ್ಕುಗಳೆಲ್ಲ ಸಭೆ ಸೇರಿದವು, ಗಿರಾಕಿಗಳು ನಾಲ್ಕು ದಿನ ಬೇರೆ ಗಿರಣಿ ಹಿಡಿದರು. ಪ್ರೀತಿಯಿಂದ ಬಂದದ್ದನ್ನು ಚೆಲ್ಲಬಾರದೆಂದು ಅತ್ತೆ ಮೂಗಿಗೆ ಸೆರಗು ಕಟ್ಟಿಕೊಂಡು, ತಿನ್ನುವವರ ಮನೆಗೆ ತಾನೇ ಹೊತ್ತೊಯ್ದು ಕೊಟ್ಟಳು. ಆಮೇಲೆ ಫೋನಿನಲ್ಲಿ, "ಭಾಳ ಛಲೋ ಇದ್ವು ನೋಡವಾ," ಎಂದಳು.

ಮುಂದಿನ ತಿಂಗಳು ಎರಡು ಚೀಲ ಬಂದವು.

ಹೋದ ವರ್ಷದ ಬೇಸಿಗೆಯಲ್ಲಿ ವದಿನೆ ಬಸುರಿಯೆಂಬ ಸುದ್ದಿ ಬಂತು. ಮದುವೆಯಾಗಿ ಹನ್ನೊಂದು ವರ್ಷಕ್ಕೆ. ದಿನ ತುಂಬುವುದು ಕಾರ್ತಿಕದಲ್ಲಿ. ಅಂದರೆ ತುಫಾನುಗಳೂ ಹುಟ್ಟುವ ಕಾಲದಲ್ಲಿ! ಅತ್ತೆ ಅಂದಿನಿಂದ ಎರಡು ಬಸುರಿನ ಸುದ್ದಿ ಇಟ್ಟುಕೊಂಡಳು, ವದಿನೆಯ ಮನೆಯಲ್ಲಿ ಒಂದು, ಕೊಲ್ಲಿಯಲ್ಲಿ ಒಂದು. ಕೊನೆಕೊನೆಗೆ ಎರಡೂ ಒಟ್ಟಿಗೇ ಬೆಳೆದವು. ವದಿನೆಗೆ ಒಂಬತ್ತು ತುಂಬುತ್ತಿದ್ದಾಗ ಕೊಲ್ಲಿಯ ಕುಸಿತ ಚಂಡಮಾರುತವಾಯಿತು. ಅದು ಮುಖ ಮಾಡಿದ್ದು ನೇರ ಅವಳ ಊರಿನ ಕಡೆಗೆ.

"ಹೆಸರೇನಿಟ್ಟೆಕ್ಕಾ?" ಗಿರಣಿಯಲ್ಲಿ ಎಲ್ಲರೂ ಕೇಳಿದರು.

"ಇದಕ್ಕ ಹೆಸರಿಲ್ಲ."

"ಯಾಕ? ಕಣ್ಣು ಬಿಟ್ಟದಂತಲ್ಲ."

"ಹೆಸರಿಟ್ರ ನಮ್ಮದಾಗ್ತದ. ನಮ್ಮದಾದ್ರ ಬೈಲಕ ಬರಂಗಿಲ್ಲ."

ಮರುದಿನ ಬೆಳಗಿನ ಬಸ್ಸಿಗೆ ಅತ್ತೆ ಬೀದರಿನಲ್ಲಿ ನಮ್ಮ ಮನೆಯ ಬಾಗಿಲಲ್ಲಿದ್ದಳು. ಕೈಯಲ್ಲಿ ರೊಟ್ಟಿಯ ಚೀಲ, ಕಂಕುಳಲ್ಲಿ ಹಳೆಯ ಮೆತ್ತನೆಯ ಸೀರೆಗಳ ಗಂಟು. ಬೀದರಿನಿಂದ ಮಚಲೀಪಟ್ಟಣಕ್ಕೆ ಹೋಗುವ ರೈಲು ಹತ್ತುತ್ತಾಳಂತೆ! ಎಲ್ಲರೂ ತುಫಾನಿನಿಂದ ದೂರ ಓಡುತ್ತಿದ್ದರೆ ಇವಳು ಎದುರುಗೊಳ್ಳಲು ಹೊರಟಿದ್ದಳು.

"ಹುಚ್ಚಿದ್ದೀಯೇನಕ್ಕ? ಅಲ್ಲಿ ಹೋಗಿ ಏನ್ ಮಾಡ್ತಿ?" ಎಂದ ಅಪ್ಪ.

"ಅಕಿಗಿ ತಾಯಿ ಇಲ್ಲ. ಬಾಣಂತನ ಯಾರು ಮಾಡ್ತಾರ, ನೀ ಮಾಡ್ತಿಯೇನು?"

ಅಪ್ಪ ಸ್ಟೇಷನ್ನಿಗೆ ಹೋಗಿ ಬಂದ. ರೈಲು ರದ್ದಾಗಿತ್ತು. ಅತ್ತೆ ಚೀಲವನ್ನು ಕೆಳಗಿಟ್ಟಳು, ಗಂಟನ್ನು ಇಡಲಿಲ್ಲ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಟಿವಿಯ ಮುಂದೆ ಕೂತಳು. ಮಧ್ಯಾಹ್ನ ಒಮ್ಮೆ ವದಿನೆಯ ಗಂಡನ ಫೋನ್ ಹತ್ತಿತು. ಊರು ಖಾಲಿ ಮಾಡಿಸುತ್ತಿದ್ದಾರೆ, ಎಲ್ಲರನ್ನೂ ಕಂಬಗಳ ಮೇಲೆ ಕಟ್ಟಿದ ಆಶ್ರಯದ ಕಟ್ಟಡಕ್ಕೆ ಒಯ್ಯುತ್ತಿದ್ದಾರೆ ಎಂದ. "ಅಕಿ ಎಲ್ಲಿ?" ಎಂದು ಅತ್ತೆ ಕೇಳುವಷ್ಟರಲ್ಲಿ ಕಟ್ಟಾಯಿತು. ಆಮೇಲೆ ಎಷ್ಟು ಸಲ ಹಚ್ಚಿದರೂ ಫೋನ್ ಹೋಗಲಿಲ್ಲ.

ತುಫಾನು ದಡ ಹತ್ತಿತು. ವದಿನೆಯ ಊರು ಕಣ್ಣಿನ ಬಲಗಡೆಗಿತ್ತು. ಟಿವಿಯಲ್ಲಿ ಬಾಗಿದ ಕಂಬಗಳು, ಗದ್ದೆಯ ನಡುವೆ ನಿಂತ ದೋಣಿಗಳು. ಪ್ರತಿಯೊಂದು ದೋಣಿಯನ್ನೂ ಅತ್ತೆ ಟಿವಿಯ ಹತ್ತಿರ ಹೋಗಿ ನೋಡುತ್ತಿದ್ದಳು, ಗುರುತು ಸಿಗುತ್ತದೆ ಎನ್ನುವ ಹಾಗೆ. ಅವ್ವ, "ಊಟ ಮಾಡ್ರಿ ಅಕ್ಕಾರ," ಎಂದು ಕರೆದರೆ ಬಂದು ಕೂರುತ್ತಿದ್ದಳು, ತಟ್ಟೆಯನ್ನು ನೋಡಿ ಎದ್ದುಬಿಡುತ್ತಿದ್ದಳು. ಅವ್ವ ತಟ್ಟೆ ಎತ್ತಿಡುತ್ತಿದ್ದಳು. ಹದಿನೇಳು ವರ್ಷಗಳಲ್ಲಿ ಅತ್ತೆ ನಮ್ಮ ಮನೆಯಲ್ಲಿ ಒಂದಕ್ಕಿಂತ ಹೆಚ್ಚು ದಿನ ಉಳಿದದ್ದು ಅದೇ ಮೊದಲು.

ಮೂರನೆಯ ದಿನ ಬೆಳಿಗ್ಗೆ ಅಲ್ಲಿಂದ ಸುದ್ದಿ ಬರುವ ಮೊದಲು ತುಫಾನೇ ಬಂತು. ಬೀದರಿನ ಮೇಲೆ ಬೂದಿಬಣ್ಣದ ಮೋಡ ಹರಡಿತು. ಗಾಳಿಯಿಲ್ಲ, ಗುಡುಗಿಲ್ಲ, ಸಣ್ಣಗೆ ಬಿಡದೆ ಸುರಿಯುವ ಮಳೆ. ಅಂಗಳದ ಕೆಂಪು ಮಣ್ಣು ಹರಿದು ಹೊಸ್ತಿಲಿಗೆ ಬಂತು. ಅತ್ತೆ ಎದ್ದು ಅಂಗಳಕ್ಕಿಳಿದಳು. ಸೆರಗನ್ನೂ ತಲೆಗೆ ಹೊದೆಯಲಿಲ್ಲ. ಮೇಲೆ ನೋಡಿ, ಶಾಲೆಯಿಂದ ತಡವಾಗಿ ಬಂದ ಹುಡುಗನನ್ನು ಕೇಳುವ ದನಿಯಲ್ಲಿ ಕೇಳಿದಳು, "ಅಕಿ ಊರಿನ ಮ್ಯಾಲೇ ಬಂದೀದಿ. ಹೇಳು. ಅಕಿಗಿ ಏನ್ ಮಾಡಿ ಬಂದಿ?"

ಮಳೆ ಸುರಿಯುತ್ತಲೇ ಇತ್ತು. ನಾನು ಕೊಡೆ ಹಿಡಿದುಕೊಂಡು ಹೋದೆ. ನನ್ನಿಂದ ಕೊಡೆ ಕಿತ್ತುಕೊಂಡು ಅವ್ವ ಹೋದಳು. ಇಬ್ಬರೂ ಒಂದೇ ಕೊಡೆಯಲ್ಲಿ ಒಳಗೆ ಬಂದರು.

ಮಧ್ಯಾಹ್ನ ಅವ್ವ ರೊಟ್ಟಿ ಬಡಿಯುತ್ತಿದ್ದಾಗ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಅತ್ತೆಯ ಫೋನನ್ನು ನಾನೇ ಎತ್ತಿ ಸ್ಪೀಕರ್ ಹಾಕಿದೆ.

"ವದಿನಾ!"

ಅತ್ತೆ ಗೋಡೆಗೆ ಆತುಕೊಂಡಳು. ವದಿನೆ ತೆಲುಗಿನಲ್ಲಿ ಒಂದೇ ಉಸಿರಿಗೆ ಹೇಳಿದಳು. ದಿನ ತುಂಬಿದ ಬಸುರಿಯರನ್ನು ಮೊದಲೇ ದೊಡ್ಡಾಸ್ಪತ್ರೆಗೆ ಸಾಗಿಸಿದ್ದರು. ಗಂಡ ಸುರಕ್ಷಿತ. ಮನೆಗೆ ಮೇಲ್ಛಾವಣಿ ಇಲ್ಲ, ದೋಣಿ ಯಾರದೋ ಗದ್ದೆಯಲ್ಲಿದೆ, ಗದ್ದೆಯಲ್ಲೆಲ್ಲ ಉಪ್ಪುನೀರು. ಗಾಳಿ ಜೋರಾಗಿದ್ದಾಗಲೇ ಹೆರಿಗೆಯಾಯಿತು. ಹೆಣ್ಣು ಕೂಸು. ಚೆನ್ನಾಗಿದೆ.

"ಆದರೆ ವದಿನಾ, ಇಲ್ಲಿ ಎಲ್ಲರೂ ಇವಳನ್ನು ಆ ತುಫಾನಿನ ಹೆಸರಿನಿಂದಲೇ ಕರೆಯುತ್ತಿದ್ದಾರೆ. ಪೇಪರಿನವರು ಬಂದು ಅದೇ ಹೆಸರಿಡಿ, ಫೋಟೋ ಹಾಕುತ್ತೇವೆ ಎನ್ನುತ್ತಾರೆ. ನನ್ನ ಮನೆಯನ್ನು ಒಯ್ದ ಹೆಸರಿನಿಂದ ನನ್ನ ಮಗಳನ್ನು ದಿನಾ ಕರೆಯಲೇ? ಬೇಗ ಬೇರೆ ಹೆಸರು ಇಡು. ಫೋನ್ ಅವಳ ಕಿವಿಯ ಹತ್ತಿರ ಹಿಡಿಯುತ್ತೇನೆ. ನೀನಲ್ಲವೇ ಅವಳ ಅತ್ತೆ?"

ಹತ್ತೊಂಬತ್ತು ಚಂಡಮಾರುತಗಳಿಗೆ ನಿಂತ ಕಾಲ ಮೇಲೆ ಹೆಸರಿಟ್ಟವಳು ಬಹಳ ಸಣ್ಣ ದನಿಯಲ್ಲಿ ಅಂದಳು, "ನಾ ಇಡಬಾರದವಾ. ಮುತ್ತೈದಿ ಯಾರಾದ್ರೂ ಇದ್ರ ಅವರ ಕಡಿಂದ ಇಡಸು."

"ಅದೆಲ್ಲ ನನಗೆ ಗೊತ್ತು ವದಿನಾ. ನಾನು ಕೇಳಿದ್ದು ಹೆಸರು."

ಅತ್ತೆ ತಲೆ ಎತ್ತಿದಳು. ನನ್ನನ್ನು ನೋಡಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಕೈತುಂಬ ಹಿಟ್ಟು ಮೆತ್ತಿಕೊಂಡು ನಿಂತಿದ್ದ ಅವ್ವನನ್ನು ನೋಡಿದಳು.

ಅವ್ವ ಅಂದಳು, "ಹೇಳ್ರಿ ಅಕ್ಕಾರ. ಕೂಸು ಫೋನ್ ಹಿಡಕೊಂಡು ಕುಂತದ."

ಅತ್ತೆ ಸ್ಪೀಕರ್ ಆರಿಸಿದಳು. ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಗೋಡೆಯ ಕಡೆ ತಿರುಗಿ, ತೊಟ್ಟಿಲಿಗೆ ಬಾಗುವ ಹಾಗೆ ಬಾಗಿದಳು. "ಕುರ್‌ರ್‌ರ್..." ಎಂದು, ಹೆಸರಿಗೆ ಮೊದಲು ಕೂಸಿನ ಕಿವಿಗೆ ಊದುವ ರೀತಿಯಂತೆ, ಊದಿದಳು. ಆಮೇಲೆ ಹೆಸರು. ನಮಗೆ ಕೇಳಿಸಲಿಲ್ಲ, ಕೇಳಿಸಬೇಕಾದದ್ದೂ ಅಲ್ಲ.

ನಮ್ಮ ಕಡೆ ಅತ್ತೆ ಹೀಗೆ ಹೆಸರು ಹೇಳಿ ಮುಗಿಸಿದ ಕೂಡಲೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಗುದ್ದು ಬೀಳದೆ ಹೆಸರು ನಿಲ್ಲುವುದಿಲ್ಲ. ಸುತ್ತ ಯಾರಿದ್ದರು? ಅವ್ವ ನಾಲ್ಕು ಹೆಜ್ಜೆಗೆ ಬಂದು, ಹಿಟ್ಟಿನ ಕೈಯಿಂದಲೇ ಧಡ್ಡೆಂದು ಗುದ್ದಿದಳು. ಸದ್ದಿಗೆ ಅಪ್ಪ ಹೊರಗಿನಿಂದ ಓಡಿ ಬಂದ.

"ಅಯ್ಯೋ ನನ್ನವ್ವಾ," ಅತ್ತೆ ಅಳುತ್ತ ನಗುತ್ತ ಅಂದಳು, "ಹದಿನೇಳು ವರ್ಷದ್ದು ಒಮ್ಮೆಲೇ ಹೊಡದಿಯಲ್ಲೇ!"

ಅವ್ವ ಬೆನ್ನ ಮೇಲಿಂದ ಕೈ ತೆಗೆಯಲಿಲ್ಲ.